ಆ ಹುಡುಗಿಯನ್ನ ಇನ್ನೊಂದು ಮಾತು ಕೇಳಿ: ಬಸ್ ಸ್ಟ್ಯಾಂಡಿನ ಜನರಿಗೊಂದು ಬಹಿರಂಗ ಪತ್ರ

ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನಿನಲ್ಲೇ ದುಡಿದು ತಿನ್ನುವ ಎಲ್ಲ ಅಣ್ಣಂದಿರಿಗೆ, ಅಕ್ಕಂದಿರಿಗೆ,

ಕಂಡಕ್ಟರು, ಡ್ರೈವರು, ಆಟೋ ಓಡಿಸುವವರು, ಚಹಾ ಅಂಗಡಿಯವರು, ಹೂವು-ಹಣ್ಣು ಮಾರುವವರು, ಲಾಡ್ಜಿನಲ್ಲಿ ಹೆಸರು ಬರೆದುಕೊಳ್ಳುವವರು, ಶೌಚಾಲಯದ ಬಾಗಿಲಲ್ಲಿ ಚಿಲ್ಲರೆ ಇಟ್ಟುಕೊಂಡು ಕೂತಿರುವವರು, ಮಾನವ ಕಳ್ಳಸಾಗಣೆ ಬಗ್ಗೆ ಬರೆದ ಈ ಪತ್ರ ನಿಮಗೆ. ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಶಾಲೆ ಟೀಚರ್. 22 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಮಕ್ಕಳು ಅಕ್ಕೋರು ಅಂತ ಕರೆಯುತ್ತಾರೆ.

ಸುಮಾರು 15 ವರ್ಷದ ಹಿಂದಿನ ಮಾತು. ನನ್ನ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಸಂಜೆ ಹೊತ್ತು ತಾಲೂಕಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಜೊತೆಗೆ ಒಬ್ಬ ಗಂಡಸಿದ್ದ. ಹುಡುಗಿಯ ಕಾಲಲ್ಲಿ ಹೊಸ ಚಪ್ಪಲಿ. ಅಂಗಡಿಯಲ್ಲಿ ಎರಡನ್ನೂ ಸೇರಿಸಿ ಕಟ್ಟಿರುತ್ತಾರಲ್ಲ, ಆ ಪ್ಲಾಸ್ಟಿಕ್ ದಾರದ ತುಂಡು ಒಂದರಲ್ಲಿ ಇನ್ನೂ ನೇತಾಡುತ್ತಿತ್ತು. ಕೈಯಲ್ಲಿ ಒಂದು ಬಟ್ಟೆ ಅಂಗಡಿಯ ಕವರು, ಅದರಲ್ಲೇ ಅವಳ ಸಾಮಾನೆಲ್ಲ. "ಎಲ್ಲಿಗವ್ವಾ?" ಅಂದೆ. ಅವಳು ಮೊದಲು ಆ ಗಂಡಸಿನ ಮುಖ ನೋಡಿದಳು. ಆಮೇಲೆ, "ಕಾಕಾನ ಜೋಡಿ ಊರಿಗೆ ಹೊಂಟೀನ್ರಿ ಅಕ್ಕೋರೆ" ಅಂದಳು. ಯಾವ ಊರು ಅಂತ ನಾನು ಕೇಳಲಿಲ್ಲ. ಅಷ್ಟರಲ್ಲಿ ನನ್ನ ಬಸ್ಸು ಬಂತು. ಬಿಸ್ಕೆಟ್ ಪ್ಯಾಕೆಟ್ ಅವಳ ಕೈಗಿಟ್ಟು, "ಸೋಮವಾರ ಸಾಲಿಗೆ ಬಾ" ಅಂದು ಹತ್ತಿಬಿಟ್ಟೆ.

ಅವಳು ಬಂದಿದ್ದು ಎರಡು ವರ್ಷದ ಮೇಲೆ. ದೊಡ್ಡ ಊರಿನ ಯಾರದೋ ಮನೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಪಾತ್ರೆ ತಿಕ್ಕಿ, ಬಟ್ಟೆ ಒಗೆದು, ಕೂಸು ಎತ್ತಿಕೊಂಡು, ರಾತ್ರಿ ಅಡುಗೆಮನೆಯ ನೆಲದ ಮೇಲೆ ಮಲಗಿದ್ದಳು. ತಿಂಗಳಿಗಿಷ್ಟು ಅಂತ ಮಾತಾಡಿದ್ದ ದುಡ್ಡು ಅವಳ ಅವ್ವನ ಕೈಗೆ ಒಂದೇ ಸಲ ಬಂತು. ಆ ಕಾಕಾ ಅವಳಿಗೆ ಯಾವ ಸಂಬಂಧದಲ್ಲೂ ಕಾಕಾ ಆಗಿರಲಿಲ್ಲ. ಶಾಲೆಗೆ ಬಂದ ದಿನ ಅವಳ ಕೈ ನೋಡಿದೆ. ಸೋಪಿನ ಪುಡಿಗೆ ಬೆರಳ ಸಂದಿಯೆಲ್ಲ ಬೆಳ್ಳಗೆ ಕೊಳೆತುಹೋಗಿತ್ತು. ಪೆನ್ಸಿಲ್ ಹಿಡಿದರೆ ಉರಿಯುತ್ತದೆ ಅಂತಿದ್ದಳು.

ಅವತ್ತು ನಾನು ಇನ್ನೊಂದು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ. ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಮಾನವ ಕಳ್ಳಸಾಗಣೆ ಅಂದ ಕೂಡಲೇ ನಮಗೆ ಕತ್ತಲ ರಾತ್ರಿ, ಬಾಯಿಗೆ ಬಟ್ಟೆ, ಕರಿ ಗಾಜಿನ ವ್ಯಾನು ನೆನಪಾಗುತ್ತವೆ. ಸಂಜೆ ಏಳರ ಬಸ್ಸಿಗೆ ಟಿಕೆಟ್ ತೆಗೆಸಿ, ಚಹಾ ಕುಡಿಸಿ, ಕಿಟಕಿ ಪಕ್ಕ ಕೂರಿಸಿಕೊಂಡು ಹೋಗುವುದು ನೆನಪಾಗುವುದೇ ಇಲ್ಲ. ಆದರೆ ಜಾಸ್ತಿ ನಡೆಯುವುದು ಹಾಗೆಯೇ. ಕರೆದುಕೊಂಡು ಹೋಗುವವರು ಬಹಳ ಸಲ ಊರಿನವರೇ, ಗುರುತಿನವರೇ ಆಗಿರುತ್ತಾರೆ. ಕಾನೂನು ಇದನ್ನೆಲ್ಲ ಸರಿಯಾಗಿಯೇ ಹಿಡಿದಿದೆ. ಆಸೆ ತೋರಿಸಿ, ಸುಳ್ಳು ಹೇಳಿ, ಹೆದರಿಸಿ ಒಬ್ಬರನ್ನ ದುಡಿಸಿಕೊಳ್ಳಲು, ಮೈಮಾರಿಸಲು, ಭಿಕ್ಷೆಗೆ ಕೂರಿಸಲು ಸಾಗಿಸಿದರೆ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಪ್ರಕಾರ ಅದು ಕಳ್ಳಸಾಗಣೆ. "ಅವಳೇ ಒಪ್ಪಿ ಬಂದಳು" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಹಾಸನ ಜಿಲ್ಲೆಯ ಸಂಗತಿ ನಿಮಗೆ ನೆನಪಿರಬಹುದು. 2018ರ ಡಿಸೆಂಬರಿನಲ್ಲಿ ಅರಸೀಕೆರೆ ಕಡೆಯ ಒಂದು ಶೆಡ್ಡಿನಿಂದ 52 ಜನರನ್ನ ಪೊಲೀಸರು ಬಿಡಿಸಿದರು. ಅವರಲ್ಲಿ ಹೆಂಗಸರಿದ್ದರು, ಮಕ್ಕಳಿದ್ದರು. ಒಳ್ಳೆ ಕೂಲಿ ಕೊಡಿಸ್ತೀವಿ ಅಂತ ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನುಗಳಿಂದ ಕರೆದುಕೊಂಡು ಹೋಗಿ ಕೂಡಿಹಾಕಿದ್ದರು. ಒಬ್ಬ ಗೋಡೆ ಹಾರಿ ತಪ್ಪಿಸಿಕೊಂಡು ಹೋಗಿ ಪೊಲೀಸರಿಗೆ ಹೇಳಿದ ಮೇಲೆ ವಿಷಯ ಹೊರಗೆ ಬಂತು. ಆ ಸುದ್ದಿ ಓದಿದಾಗ ನನಗೆ ಮೊದಲು ಹೊಳೆದದ್ದು ಇದು: ಕರೆದುಕೊಂಡು ಹೋಗುವಾಗ ಅವರಿಗೆ ಯಾರೋ ಚಹಾ ಕೊಟ್ಟಿರುತ್ತಾರೆ, ಯಾರೋ ಆಟೋದಲ್ಲಿ ಕೂರಿಸಿಕೊಂಡಿರುತ್ತಾರೆ. ಅಷ್ಟು ಜನರ ಕಣ್ಣಿಗೆ ಬಿದ್ದೇ ಅವರು ಆ ಶೆಡ್ಡು ಸೇರಿದ್ದು.

ಹಾಗಂತ ಕೆಲಸ ಹುಡುಕಿ ಊರು ಬಿಡುವವರನ್ನೆಲ್ಲ ಅನುಮಾನದಿಂದ ನೋಡಿ ಅಂತ ನಾನು ಹೇಳುವುದಿಲ್ಲ. ನಮ್ಮ ಕಡೆ ಮಳೆ ಕೈಕೊಟ್ಟರೆ ಅರ್ಧ ಓಣಿ ಗುಳೆ ಹೋಗುತ್ತದೆ. ಬೆಂಗಳೂರಿನ ಕಟ್ಟಡಗಳಿಗೆ, ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು, ಇಟ್ಟಿಗೆ ಭಟ್ಟಿಗೆ. ಅದು ಅವರ ಹಕ್ಕು, ಅವರ ಅನ್ನ. ವಯಸ್ಸಿಗೆ ಬಂದ ಹೆಣ್ಣುಮಗಳು ಒಬ್ಬಳೇ ಬಸ್ಸು ಹತ್ತಿದರೆ ತಡೆದು ವಿಚಾರಣೆ ಮಾಡುವ ಅಧಿಕಾರ ನಮಗ್ಯಾರಿಗೂ ಇಲ್ಲ. ನೋಡಬೇಕಾದ್ದು ಬೇರೆ. ಚಿಕ್ಕ ಹುಡುಗಿ, ಜೊತೆಗೆ ಅಪ್ಪ-ಅವ್ವ ಇಲ್ಲ. ಯಾವ ಊರು, ಏನು ಕೆಲಸ ಅಂತ ಅವಳಿಗೇ ಗೊತ್ತಿಲ್ಲ. ಕೇಳಿದರೆ ಉತ್ತರ ಪಕ್ಕದವನ ಬಾಯಿಂದ ಬರುತ್ತದೆ. ಎಲ್ಲರ ಆಧಾರ್ ಕಾರ್ಡು, ಎಲ್ಲರ ಫೋನು ಒಬ್ಬನ ಜೇಬಲ್ಲಿ. ಇದರಲ್ಲಿ ಒಂದೇ ಇದ್ದರೆ ಅಂಥದ್ದೇನಿಲ್ಲ ಅನ್ನಬಹುದು. ಎರಡು ಮೂರು ಒಟ್ಟಿಗೆ ಕಂಡರೆ ಸುಮ್ನೆ ಬಿಡಬೇಡಿ.

ಕಂಡಕ್ಟರ್ ಅಣ್ಣಂದಿರೇ, ಅಕ್ಕಂದಿರೇ, ನಿಮಗೆ ಎರಡು ಮಾತು ಜಾಸ್ತಿ ಹೇಳುತ್ತೇನೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಅವತ್ತಿಂದ ಹೆಣ್ಣುಮಕ್ಕಳ ಗುರುತಿನ ಚೀಟಿ ನೋಡಿ ಸೊನ್ನೆ ಟಿಕೆಟ್ ಕೊಡುವುದು ನಿಮ್ಮ ದಿನದ ಕೆಲಸ. ಪೊಲೀಸರ ಕೈಗೂ ಇಷ್ಟು ಜನರ ಕಾರ್ಡು ಬರುವುದಿಲ್ಲ. ಹೋದ ವರ್ಷ ನನ್ನ ಕಣ್ಣೆದುರೇ ನಡೆದದ್ದು ಹೇಳುತ್ತೇನೆ ಕೇಳಿ. ರಾತ್ರಿ ಬಸ್ಸು. ಒಬ್ಬ ಗಂಡಸು, ಮೂರು ಹುಡುಗಿಯರು. ಅವನು ಅಂಗಿ ಜೇಬಿನಿಂದ ಮೂರು ಆಧಾರ್ ಕಾರ್ಡು ತೆಗೆದು ಕೊಟ್ಟ. ಕಂಡಕ್ಟರು ಒಂದು ಕಾರ್ಡು ನೋಡಿದರು, ಎದುರಿಗಿದ್ದ ಹುಡುಗಿಯನ್ನ ನೋಡಿದರು. ಕಾರ್ಡಿನ ಪ್ರಕಾರ 19 ವರ್ಷ. ಎರಡು ಜಡೆ ಹಾಕಿದ್ದ ಆ ಹುಡುಗಿಗೆ ಹೆಚ್ಚೆಂದರೆ 13. ಅವರು ದನಿ ಎತ್ತಲಿಲ್ಲ. ಕಾರ್ಡು ವಾಪಸ್ ಕೊಡದೆ ಮೆಲ್ಲಗೆ, "ನಿನ್ನ ಹೆಸರೇನವ್ವಾ?" ಅಂದರು. ಅವಳು ತನ್ನ ಹೆಸರು ಹೇಳಿದಳು. ಕಾರ್ಡಿನಲ್ಲಿ ಇದ್ದದ್ದು ಬೇರೆ ಹೆಸರು.

"ಮಷಿನ್ ಕೈಕೊಟ್ಟದರೀ, ಒಂದು ಹತ್ತು ನಿಮಿಷ" ಅಂದು ಕೆಳಗಿಳಿದರು. ಕಂಟ್ರೋಲರ್ ರೂಮಿಗೆ ಹೋಗಿ ಹೇಳಿದರು. ಚಹಾ ಅಂಗಡಿಯಣ್ಣ 1098ಕ್ಕೆ ಫೋನ್ ಹಚ್ಚಿದ. ನಾನು ಬಸ್ಸಿನಲ್ಲೇ ಆ ಹುಡುಗಿಯರ ಹಿಂದಿನ ಸೀಟಿನಲ್ಲಿ ಕೂತು ಅವರಿಗೆ ಮಂಡಕ್ಕಿ ಕೊಡುತ್ತಾ ಮಾತಿಗೆಳೆದೆ. ಬೇರೆ ಪ್ಯಾಸೆಂಜರು ಗೊಣಗಿದರು. ಡ್ರೈವರ್ ಅಣ್ಣ ಇಂಜಿನ್ ಆಫ್ ಮಾಡಿ ಸ್ಟೇರಿಂಗ್ ಮೇಲೆ ತಲೆಯಿಟ್ಟು ಮಲಗಿದಂತೆ ಮಾಡಿದರು. ಆ ಗಂಡಸು ಕಾಲುಮಡಿಯಲು ಹೋಗ್ತೀನಿ ಅಂತ ಇಳಿದು ಗೇಟಿನ ಹತ್ತಿರ ಹೋಗುವ ಹೊತ್ತಿಗೆ ಪೊಲೀಸರು ಬಂದರು. ಬಸ್ಸು 35 ನಿಮಿಷ ತಡವಾಗಿ ಹೊರಟಿತು. ಯಾರೂ ಯಾರ ಮೇಲೂ ಕೈ ಮಾಡಲಿಲ್ಲ. ಮರುದಿನ ಮೂವರನ್ನೂ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಿದರು. ಸಿಕ್ಕ ಮಗುವನ್ನ 24 ಗಂಟೆಯೊಳಗೆ ಅಲ್ಲಿಗೆ ಒಪ್ಪಿಸಬೇಕು ಅಂತ ಕಾನೂನಿದೆ.

1098 ಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕರೆಗೆ ದುಡ್ಡಿಲ್ಲ. ದೊಡ್ಡವರು ತೊಂದರೆಯಲ್ಲಿದ್ದರೆ 112. ಹೆಣ್ಣುಮಕ್ಕಳಿಗೆ 181. ರೈಲಿನಲ್ಲಾದರೆ 139, ರೈಲ್ವೆ ಪೊಲೀಸರಿಗೆ ಅಲ್ಲಿಂದಲೇ ಸುದ್ದಿ ಹೋಗುತ್ತದೆ. ಫೋನ್ ಮಾಡಿದಾಗ "ಯಾವುದೋ ಹುಡುಗಿ ಇದ್ದಾಳೆ" ಅಂದರೆ ಅವರಿಗೆ ಹುಡುಕುವುದು ಕಷ್ಟ. ಯಾವ ಸ್ಟ್ಯಾಂಡು, ಎಷ್ಟನೇ ಪ್ಲಾಟ್‌ಫಾರ್ಮು, ಬಸ್ಸಿನ ನಂಬರು, ಎಲ್ಲಿಗೆ ಹೊರಟಿದೆ, ಎಷ್ಟು ಜನ, ಬಟ್ಟೆ ಬಣ್ಣ, ಇವಿಷ್ಟು ಹೇಳಿ. ಬಸ್ಸು ಬಿಟ್ಟುಹೋಗಿದ್ದರೂ ಹೇಳಿ, ಮುಂದಿನ ಸ್ಟ್ಯಾಂಡಿನಲ್ಲಿ ಹಿಡಿಯಬಹುದು. ನಿಮ್ಮ ಅನುಮಾನ ಸುಳ್ಳಾದರೆ? ಆಗಲಿ. ಅವನು ನಿಜವಾಗಲೂ ಸೋದರಮಾವನೇ ಆಗಿದ್ದರೆ ಅವಳ ಅವ್ವನಿಗೆ ಒಂದು ಫೋನ್ ಮಾಡಿಸಿದರೆ ಗೊತ್ತಾಗುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ದಯವಿಟ್ಟು ಜನ ಸೇರಿಸಬೇಡಿ. ಹೊಡೆಯಬೇಡಿ. ವಿಡಿಯೋ ಮಾಡಿ ವಾಟ್ಸಾಪಿಗೆ ಬಿಡಬೇಡಿ. 2018ರ ಜುಲೈನಲ್ಲಿ ನಮ್ಮ ಕಡೆಯ ಬೀದರ್ ಜಿಲ್ಲೆಯಲ್ಲಿ ಏನಾಯಿತು? ಹೈದರಾಬಾದಿನಿಂದ ಬಂದಿದ್ದ ಹುಡುಗರು ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಮೊಬೈಲಿನಲ್ಲಿ ಸುದ್ದಿ ಹರಡಿತು. ಜನ ಮುಗಿಬಿದ್ದರು. ಏನೂ ಅರಿಯದ ಒಬ್ಬ ಇಂಜಿನಿಯರ್ ಹುಡುಗನ ಜೀವ ಹೋಯಿತು. ನಿಜವಾಗಿ ಮಕ್ಕಳನ್ನ ಸಾಗಿಸುವವರಿಗೆ ಇಂಥ ಗದ್ದಲವೇ ಬೇಕು. ನಾವು ಅಪರಿಚಿತರ ಹಿಂದೆ ಓಡುತ್ತಿರುವಾಗ ಅವರು ಪರಿಚಯದವರಾಗಿಯೇ ಮನೆಯೊಳಗೆ ಬಂದು ಕೂತಿರುತ್ತಾರೆ.

ಲಾಡ್ಜಿನವರಿಗೆ, ಆಟೋದವರಿಗೆ ನಾನು ಕಲಿಸಬೇಕಾದ್ದೇನಿಲ್ಲ. ನಿಮಗೆ ಮುಖ ನೋಡಿದರೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಆ ಬಾಡಿಗೆ ಬೇಡ ಅನ್ನಿ, ಆ ಕೂಡಲೇ ಫೋನ್ ಮಾಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ.

ಈ ಪತ್ರವನ್ನ ಬಸ್ ಸ್ಟ್ಯಾಂಡಿನಾಚೆ ಓದುವವರೂ ಇರುತ್ತೀರಿ. ನಿಮ್ಮಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ಇಟ್ಟಿಗೆ ನೋಡಲು ಭಟ್ಟಿಗೆ ಹೋಗೇ ಹೋಗುತ್ತೀರಿ. ಇಟ್ಟಿಗೆ ತಟ್ಟಿ ಶಬ್ದ ಕೇಳುತ್ತೀರಲ್ಲ, ಹಾಗೆಯೇ ಅಲ್ಲಿ ಕೆಲಸ ಮಾಡುವವರನ್ನ ಒಂದು ಮಾತು ಕೇಳಿ. "ಹಬ್ಬಕ್ಕೆ ಊರಿಗೆ ಹೋಗಿದ್ರಾ?" ಇಷ್ಟೇ ಸಾಕು. "ಮುಂಗಡ ತೀರಿಲ್ಲ, ಮಾಲೀಕರು ಬಿಡಲ್ಲ" ಅಂತ ಉತ್ತರ ಬಂದರೆ ಅದು ಜೀತ. ಒಡಿಶಾದ ಬಲಾಂಗಿರ್ ಕಡೆಯಿಂದ ಹೀಗೆ ಮುಂಗಡ ಪಡೆದು ಮಕ್ಕಳು ಮರಿ ಸಮೇತ ಬರುವ ಕುಟುಂಬಗಳು ಎಷ್ಟೋ. ಅವರಿಗೆ ಕನ್ನಡ ಬರುವುದಿಲ್ಲ, ಯಾರನ್ನ ಕೇಳಬೇಕು ಗೊತ್ತಿರುವುದಿಲ್ಲ. 1976ರಲ್ಲೇ ಜೀತ ಪದ್ಧತಿ ರದ್ದಾಗಿದೆ. ಆ ಕಾಯ್ದೆ ಪ್ರಕಾರ ಜೀತದ ಸಾಲವೇ ಸಾಲವಲ್ಲ, ತೀರಿಸಬೇಕಾಗಿಲ್ಲ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ ಅಂತ 1982ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಭಟ್ಟಿ ಮಾಲೀಕನ ಜೊತೆ ಜಗಳಕ್ಕೆ ನಿಲ್ಲಬೇಡಿ, ನೀವು ಹೋದ ಮೇಲೆ ಏಟು ಬೀಳುವುದು ಆ ಜನರಿಗೇ. ಡಿ.ಸಿ. ಕಚೇರಿಗೋ, ಎ.ಸಿ. ಕಚೇರಿಗೋ ಒಂದು ಅರ್ಜಿ ಕೊಡಿ. ಬಿಡಿಸಿದ ಮೇಲೆ ಅವರಿಗೆ ಬಿಡುಗಡೆ ಪತ್ರ ಸಿಕ್ಕಿತಾ ಅಂತ ಇನ್ನೊಂದು ಸಲ ಹೋಗಿ ವಿಚಾರಿಸಿ. ಆ ಒಂದು ಹಾಳೆ ಇಲ್ಲದಿದ್ದರೆ ಸರ್ಕಾರದಿಂದ ಕೂಡಲೇ ಸಿಗಬೇಕಾದ 30,000 ರೂಪಾಯಿವರೆಗಿನ ನೆರವು ಸಿಗುವುದಿಲ್ಲ, ಆಮೇಲೆ ಬರಬೇಕಾದ ಪುನರ್ವಸತಿ ಹಣವೂ ಇಲ್ಲ. ಕೈ ಖಾಲಿ ಊರಿಗೆ ಹೋದವರು, ಜನರನ್ನ ಕೂಲಿಗೆ ಕರೆದೊಯ್ಯುವ ಅದೇ ಮೇಸ್ತ್ರಿಯ ಹತ್ತಿರ ಮತ್ತೆ ಮುಂಗಡ ಕೇಳುತ್ತಾರೆ. ಬಿಡಿಸಿದ ದಿನ ಪೇಪರಿನಲ್ಲಿ ಫೋಟೋ ಬರುತ್ತದೆ, ಮೂರು ತಿಂಗಳ ನಂತರ ಯಾರೂ ಕೇಳುವುದಿಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರುವುದು ಇದಕ್ಕೇ.

ಮನೆಗೆಲಸಕ್ಕೆ "ಊರಿಂದ ಒಂದು ಹುಡುಗಿ ತರಿಸಿಕೊಡಿ" ಅಂತ ಯಾರಿಗೂ ಹೇಳಬೇಡಿ. 14 ವರ್ಷದ ಒಳಗಿನ ಮಗುವನ್ನ ಕೆಲಸಕ್ಕಿಟ್ಟುಕೊಳ್ಳುವುದೇ ಅಪರಾಧ. "ನಾವು ಮಗಳ ಹಾಗೆ ನೋಡ್ಕೋತೀವಿ" ಅನ್ನುವವರನ್ನ ನಾನು ಬಹಳ ಕಂಡಿದ್ದೇನೆ. ನಿಮ್ಮ ಮಗಳು ಹನ್ನೊಂದು ಗಂಟೆಗೆ ಶಾಲೆಯಲ್ಲಿ ಇರುತ್ತಾಳೆ ಅಲ್ವಾ? ಪಕ್ಕದ ಮನೆಯ ಬಾಲ್ಕನಿಯಲ್ಲಿ ಆ ಹೊತ್ತಿಗೆ ಬಟ್ಟೆ ಒಣಗಿಸುತ್ತಿರುವ ಹುಡುಗಿ ಕಂಡರೆ, ನೆರೆಹೊರೆಯ ಮುಲಾಜು ಬಿಟ್ಟು 1098ಕ್ಕೆ ತಿಳಿಸಿ. ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ.

ಮಗು ಕಾಣೆಯಾದರೆ ಒಂದು ರಾತ್ರಿಯೂ ಕಾಯಬೇಡಿ. ನನ್ನ ಶಾಲೆಯ ಒಬ್ಬ ತಾಯಿಗೆ ಒಂದು ಠಾಣೆಯಲ್ಲಿ, "ಯಾರದಾದ್ರೂ ಮನೆಗೆ ಹೋಗಿರ್ತಾಳೆ, ನಾಳೆ ಬಾ" ಅಂದು ಕಳಿಸಿದ್ದರು. ಹಾಗೆ ಹೇಳುವಂತಿಲ್ಲ. ಕಾಣೆಯಾದ ಪ್ರತಿ ಮಗುವಿಗೂ ಎಫ್‌ಐಆರ್ ಹಾಕಲೇಬೇಕು ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿದೆ. ಯಾವ ಠಾಣೆಗೆ ಬೇಕಾದರೂ ಹೋಗಬಹುದು, "ನಮ್ಮ ಸರಹದ್ದಲ್ಲ" ಅನ್ನುವಂತಿಲ್ಲ. ಓದು ಬರಹ ಬಲ್ಲ ಒಬ್ಬರು ಆ ತಾಯಿಯ ಜೊತೆ ಹೋದರೆ ಠಾಣೆಯಲ್ಲಿ ಮಾತಾಡುವ ದನಿಯೇ ಬದಲಾಗುತ್ತದೆ. ನಾನು ಎರಡನೇ ಸಲ ಅವರ ಜೊತೆ ಹೋಗಿದ್ದೆ. ಅರ್ಧ ಗಂಟೆಯಲ್ಲಿ ದೂರು ಬರೆದುಕೊಂಡರು.

ಓದಿದ ಹುಡುಗರೂ ಈಗ ಬಲೆಗೆ ಬೀಳುತ್ತಿದ್ದಾರೆ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಅಂತ ಕರೆಸಿಕೊಂಡು ಮ್ಯಾನ್ಮಾರ್ ಗಡಿ ದಾಟಿಸಿ, ಪಾಸ್‌ಪೋರ್ಟ್ ಕಿತ್ತುಕೊಂಡು ಆನ್‌ಲೈನ್ ಮೋಸ ಮಾಡಿಸುತ್ತಾರೆ. 2025ರ ಮಾರ್ಚಿನಲ್ಲಿ ಅಂಥ 549 ಭಾರತೀಯರನ್ನ ವಾಯುಪಡೆಯ ವಿಮಾನದಲ್ಲಿ ವಾಪಸ್ ಕರೆತಂದರು. ನಿಮ್ಮ ಮನೆ ಹುಡುಗ ವಿದೇಶಕ್ಕೆ ಹೊರಟರೆ ವೀಸಾ ನೋಡಿ. ಕೆಲಸಕ್ಕೆ ಟೂರಿಸ್ಟ್ ವೀಸಾ ಅಂದರೆ ಅಲ್ಲಿಗೇ ನಿಲ್ಲಿಸಿ. ಏಜೆಂಟಿನ ಹೆಸರು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯಾ ನೋಡಿ.

ಇನ್ನು ನನ್ನಂಥ ಟೀಚರುಗಳಿಗೆ, ಅಂಗನವಾಡಿ, ಆಶಾ ಅಕ್ಕಂದಿರಿಗೆ. ದೀಪಾವಳಿ ಮುಗಿದ ಮೇಲೆ ಹಾಜರಿ ಪುಸ್ತಕದಲ್ಲಿ ಗೈರು ಹಾಕುತ್ತಾ ಹೋಗುತ್ತೇವಲ್ಲ, ಅಷ್ಟಕ್ಕೇ ಬಿಡಬಾರದು. ನಾನು ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಮನೆಯವರು ಗುಳೆ ಹೊರಟರು, ಎಲ್ಲಿಗೆ, ಮೇಸ್ತ್ರಿ ಹೆಸರು, ಅವನ ಫೋನು, ಬಂದ ಗಾಡಿಯ ನಂಬರು, ಎಷ್ಟು ಮುಂಗಡ. ಯಾರಿಗೂ ಕೇಡು ಬಗೆಯಲು ಅಲ್ಲ, ನಾಳೆ ಹುಡುಕುವ ಹೊತ್ತು ಬಂದರೆ ಇರಲಿ ಅಂತ. ಮೊದಲು ಮೇಸ್ತ್ರಿಗಳು ಮುಖ ಸಿಂಡರಿಸುತ್ತಿದ್ದರು. ಈಗ, "ಅಕ್ಕೋರು ಬರಕೊಂಡಾರ" ಅಂತ ಅವರೇ ಸ್ವಲ್ಪ ಹುಷಾರಾಗಿದ್ದಾರೆ. ಹೆಣ್ಣುಮಕ್ಕಳನ್ನ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದ ಹಾಸ್ಟೆಲಿಗೆ ಸೇರಿಸಿ ಹೋಗಿ ಅಂತ ಅಪ್ಪ-ಅವ್ವನನ್ನ ಒಪ್ಪಿಸುತ್ತೇನೆ. ಎಲ್ಲರೂ ಒಪ್ಪುವುದಿಲ್ಲ. ಚಿಕ್ಕ ಕೂಸನ್ನ ನೋಡಿಕೊಳ್ಳಲು ಅಕ್ಕ ಬೇಕಲ್ಲ. ಆಗ ಹುಡುಗಿಗೆ ನನ್ನ ಫೋನ್ ನಂಬರ್ ಬಾಯಿಪಾಠ ಮಾಡಿಸುತ್ತೇನೆ. ಮಗ್ಗಿ ಹೇಳಿದ ಹಾಗೆ ಹೇಳಿಸುತ್ತೇನೆ, ನಿದ್ದೆಗಣ್ಣಿನಲ್ಲಿ ಕೇಳಿದರೂ ಬರಬೇಕು. ಚೀಟಿಯಲ್ಲಿ ಬರೆದುಕೊಟ್ಟರೆ ಕಿತ್ತುಕೊಳ್ಳುತ್ತಾರೆ.

ವಾಪಸ್ ಬಂದ ಮಕ್ಕಳ ಬಗ್ಗೆ ಒಂದು ಬೇಡಿಕೆ ಇದೆ. ಅವರ ಫೋಟೋ, ಹೆಸರು ಹಾಕಿ ಊರ ಗ್ರೂಪಿಗೆ ಕಳಿಸಬೇಡಿ. ಅದು ಕಾನೂನು ಪ್ರಕಾರವೂ ತಪ್ಪು. "ಎಲ್ಲಿದ್ದೆ, ಏನಾಯ್ತು" ಅಂತ ಬಾವಿಕಟ್ಟೆಯಲ್ಲಿ ನಿಲ್ಲಿಸಿ ಕೇಳಬೇಡಿ. ನನ್ನ ಆ ಹುಡುಗಿ ಶಾಲೆಗೆ ಮರಳಿದಾಗ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಮನೆಯಲ್ಲಿ ದೊಡ್ಡವರು ಆಡಿದ ಮಾತು ಮಕ್ಕಳ ಕಿವಿಗೆ ಬಿದ್ದಿತ್ತು. ಏಳನೇ ಕ್ಲಾಸು ಹೇಗೋ ಮುಗಿಸಿದಳು. ಅಲ್ಲಿಂದ ಮುಂದೆ ಓದಲಿಲ್ಲ. ಈಗ ಅವಳಿಗೆ ಮದುವೆಯಾಗಿದೆ, ಒಬ್ಬ ಮಗಳಿದ್ದಾಳೆ. ಹೋದ ಜೂನಿನಲ್ಲಿ ಆ ಮಗುವನ್ನ ಒಂದನೇ ಕ್ಲಾಸಿಗೆ ಸೇರಿಸಲು ಬಂದಿದ್ದಳು. ಅರ್ಜಿಯಲ್ಲಿ ತಾನೇ ಸಹಿ ಹಾಕಿದಳು.

ನಮ್ಮ ಸ್ಟ್ಯಾಂಡಿನ ಆ ಚಹಾ ಅಂಗಡಿಯಣ್ಣ ಈಗ ಅಂಗಡಿಯ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ 1098 ಅಂತ ಬರೆಸಿದ್ದಾನೆ. ಓದಲು ಬರುವ ಮಗು ದೂರದಿಂದಲೇ ಓದಬಹುದು, ಅಷ್ಟು ದೊಡ್ಡದು. ಬಣ್ಣಕ್ಕೆ, ಬರೆಯುವವರಿಗೆ ಸೇರಿ 400 ರೂಪಾಯಿ ಆಯಿತಂತೆ. ನಿಮ್ಮ ಅಂಗಡಿಯಲ್ಲಿ, ನಿಮ್ಮ ಆಟೋದ ಹಿಂದೆ, ಬಸ್ಸಿನಲ್ಲಿ ಹೆಂಗಸರ ಸೀಟಿನ ಮೇಲೆ ಇದನ್ನ ಬರೆಸುತ್ತೀರಾ? ಸೀಟಿನಲ್ಲಿ ಕೂತ ಮಗುವಿನ ಕಣ್ಣಿಗೆ ಬೀಳುವ ಎತ್ತರದಲ್ಲಿ ಇರಲಿ.

ಇಂತಿ ನಿಮ್ಮವಳು,
ರಾಯಚೂರು ಜಿಲ್ಲೆಯ ಒಬ್ಬ ಅಕ್ಕೋರು